ಅವಿಭಕ್ತ ಕುಟುಂಬ ಮತ್ತು ನಮ್ಮ ಮನೆಯ ಒಲೆ



ಅಜ್ಜ, ಅಜ್ಜಿ, ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಒಟ್ಟಾಗಿ ಬಾಳುವ ಸಂಸಾರಕ್ಕೆ ಅವಿಭಕ್ತ ಕುಟುಂಬ ಎನ್ನುವರು. ಇದರ ಮುಖ್ಯ ಲಕ್ಷಣಗಳು ಮೂರು: ಒಂದೇ ಮನೆ, ಒಂದೇ ಒಲೆ, ಒಂದೇ ಆಸ್ತಿ. ನಮ್ಮ ಕಡೆ ಮನೆತನವನ್ನು ತಂದೆಯಿಂದ ಎಣಿಸುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಕಡೆಯ ಅಳಿಯಸಂತಾನ ಪದ್ಧತಿಯಲ್ಲಿ ತಾಯಿಯಿಂದ ಎಣಿಸುತ್ತಾರೆ.

ಪ್ರಯೋಜನಗಳು: ಕಷ್ಟಕ್ಕೆ ಜನ ಇರುತ್ತಾರೆ. ನಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದ 12 ದಿನವೂ ಚಿಕ್ಕಮ್ಮನೇ ನಮಗೆ ಉಣ್ಣಿಸಿ ಸ್ಕೂಲಿಗೆ ಕಳಿಸಿದರು. ರಾಗಿ ಕೊಯ್ಲಿಗೆ ಕೂಲಿಯಾಳು ಬೇಕಾಗುತ್ತಿರಲಿಲ್ಲ.

ತೊಂದರೆಗಳು: ಕೆಲಸ ಸಮನಾಗಿ ಹಂಚಿರುವುದಿಲ್ಲ. ಅಮ್ಮ ಹೊಲಕ್ಕೆ ಹೋದರೆ 11 ಜನಕ್ಕೂ ಚಿಕ್ಕಮ್ಮ ಒಬ್ಬರೇ ಮುದ್ದೆ ಕಟ್ಟಬೇಕು. ಎಲ್ಲರದೂ ಆದ ಮೇಲೆ ಅವರ ಊಟ. ಎಷ್ಟೋ ದಿನ ಸಾರು ಮುಗಿದಿರುತ್ತಿತ್ತು. ನಾವು ಯಾರೂ ಅದನ್ನು ನೋಡಲಿಲ್ಲ.

ಯುಗಾದಿ ಕಳೆದ ಮೇಲೆ ಚಿಕ್ಕಪ್ಪ ನಡುಮನೆಗೆ ಗೋಡೆ ಹಾಕಿಸಿ ಬೇರೆ ಒಲೆ ಹೂಡಿದರು. ಚಿಕ್ಕಮ್ಮನೇ ಮನೆ ಒಡೆದಳು ಅಂತ ಊರಲ್ಲಿ ಆಡಿಕೊಳ್ಳುತ್ತಾರೆ. ಅದು ಸರಿಯಲ್ಲ.

ಅಜ್ಜಿ ಈಗ ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ವಯಸ್ಸಾದ ತಂದೆತಾಯಿಯನ್ನು ಮಕ್ಕಳು ನೋಡಿಕೊಳ್ಳಬೇಕೆಂದು 2007ರಲ್ಲಿ ಕಾನೂನೇ ಆಗಿದೆ ಎಂದು ಅಜ್ಜಿಗೆ ಹೇಳಿದೆ. "ಕಾನೂನು ಇರಲಿ ಮಗ, ನೀವೆಲ್ಲ ಒಂದೇ ಸಾಲಲ್ಲಿ ಕೂತು ಉಣ್ಣೋದ ನೋಡಬೇಕು" ಅಂದರು.

ಅದಕ್ಕೇ ಈಗ ಭಾನುವಾರ ರಾತ್ರಿ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ. ನಾನೂ ಅಣ್ಣನೂ ಬಡಿಸುತ್ತೇವೆ. ಮೊದಲು ಅಜ್ಜಿಗೆ, ಆಮೇಲೆ ಚಿಕ್ಕಮ್ಮನಿಗೆ.

ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಇವತ್ತು ನೋಡಿರಿ.

– 7ನೇ ತರಗತಿ