ಸೊಂಟದ ಕೀಲು ಬದಲಿಸಿದ ಮೇಲೆ ಕಾಲುಗಳ ಉದ್ದದಲ್ಲಿ ವ್ಯತ್ಯಾಸ



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ನಿಮ್ಮ ಮನೆಗಳ ಹಿರಿಯರಲ್ಲಿ ಸೊಂಟದ ಕೀಲನ್ನು ಬದಲಿಸಿಕೊಂಡವರು ಇರಬಹುದು. ಶಸ್ತ್ರಚಿಕಿತ್ಸೆಯಾದ ಬಳಿಕ ಎದ್ದು ನಿಂತಾಗ ಒಂದು ಕಾಲು ಉದ್ದವಾದಂತೆ ಅವರಿಗೆ ತೋರುವುದುಂಟು. ಚಿಕಿತ್ಸೆ ಕೆಟ್ಟಿತೆಂದು ಹೆದರಿ ನಡೆಯುವುದನ್ನೇ ಬಿಟ್ಟರೆ ಕಾಲಿನ ಬಲ ಕುಂದುತ್ತದೆ. ಆದ್ದರಿಂದ ಇದರ ಕಾರಣವನ್ನು ನೀವು ತಿಳಿದಿರಬೇಕು.

ಕಾರಣವೇನು?

ಒರಳಿನಲ್ಲಿ ಗುಂಡು ತಿರುಗುವಂತೆ, ಸೊಂಟದ ಬಟ್ಟಲಿನಲ್ಲಿ ತೊಡೆಮೂಳೆಯ ತಲೆ ತಿರುಗುತ್ತದೆ. ಇವು ಕೆಟ್ಟಾಗ ಲೋಹದ ಗುಂಡನ್ನೂ ಗಟ್ಟಿ ಪಾಲಿಥೀನಿನ ಬಟ್ಟಲನ್ನೂ ಅಳವಡಿಸುವ ವಿಧಾನವನ್ನು 1962ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿಯವರು ಬಳಕೆಗೆ ತಂದರು.

ಕೀಲು ಸವೆದಂತೆ ಕಾಲು ಗಿಡ್ಡವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಸೊಂಟ ಓರೆಯಾಗುತ್ತದೆ. ಅದೇ ಕಾಲು ಮೊದಲಿನ ಉದ್ದಕ್ಕೆ ಮರಳಿದಾಗ ಹೆಚ್ಚು ಉದ್ದವೆನಿಸುತ್ತದೆ. ಅನೇಕರಲ್ಲಿ ಸ್ನಾಯುಗಳು ಸಡಿಲಗೊಂಡಂತೆ ಕೆಲವು ತಿಂಗಳುಗಳಲ್ಲಿ ಈ ಭಾವನೆ ಕಡಿಮೆಯಾಗುತ್ತದೆ. ಕೆಲವರಲ್ಲಿ ನಿಜವಾದ ವ್ಯತ್ಯಾಸವೂ ಉಳಿಯುವುದುಂಟು. ಕೀಲು ಜಾರದಂತೆ ಭದ್ರಪಡಿಸಲು ವೈದ್ಯರು ಕಾಲನ್ನು ತುಸು ಉದ್ದಗೊಳಿಸಬೇಕಾಗಬಹುದು. ಒಂದು ಸೆಂಟಿಮೀಟರಿಗಿಂತ ಕಡಿಮೆ ವ್ಯತ್ಯಾಸವು ಸಾಮಾನ್ಯವಾಗಿ ತೊಂದರೆ ಕೊಡದು.

ನೀವು ಮಾಡಬೇಕಾದುದು

1. ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿಸಿರಿ. ಊರುಗೋಲನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಲಿ.

2. ತಿಳಿಸಿದ ದಿನದಂದು ಆಸ್ಪತ್ರೆಗೆ ತಪ್ಪದೆ ಕರೆದೊಯ್ಯಿರಿ. ನಿಜವಾದ ವ್ಯತ್ಯಾಸವನ್ನು ವೈದ್ಯರು ಅಳತೆಪಟ್ಟಿ ಮತ್ತು ಕ್ಷ-ಕಿರಣ ಚಿತ್ರದಿಂದ ಕಂಡುಕೊಳ್ಳುತ್ತಾರೆ. ಅಗತ್ಯವಿದ್ದರೆ ಗಿಡ್ಡ ಕಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಲು ಹೇಳುತ್ತಾರೆ. ನೀವಾಗಿಯೇ ಅವಸರದಿಂದ ಹಾಕಿಸಬೇಡಿರಿ.

3. ವೈದ್ಯರು ಒಪ್ಪುವವರೆಗೆ ಹಿರಿಯರು ಕುಕ್ಕರುಗಾಲಿನಲ್ಲಿ ಕೂಡಬಾರದು. ಮೆಣಸಿನಕಾಯಿಯ ತೊಟ್ಟು ಬಿಡಿಸುವಂತಹ ಕೆಲಸವನ್ನೂ ಎತ್ತರದ ಕುರ್ಚಿಯಲ್ಲಿ ಕುಳಿತೇ ಮಾಡಲಿ. ಶೌಚಕ್ಕೂ ಎತ್ತರದ ಆಸನವಿರಲಿ.

4. ಕಾಲನ್ನು ಸರಿಪಡಿಸುವೆವೆಂದು ಎಳೆಯಲು, ತಿರುಚಲು ಯಾರಿಗೂ ಬಿಡಬೇಡಿರಿ. ಹೊಸ ಕೀಲು ಬಟ್ಟಲಿನಿಂದ ಜಾರಬಹುದು.

ಅಪಾಯದ ಚಿಹ್ನೆಗಳು

ಹಠಾತ್ತನೆ ತೀವ್ರ ನೋವು ಬಂದು ಕಾಲು ಗಿಡ್ಡವಾಗಿ ಒಳಗೆ ಅಥವಾ ಹೊರಗೆ ತಿರುಗಿದರೆ ಕೀಲು ಜಾರಿರಬಹುದು. ಕಾಲನ್ನು ಅಲುಗಿಸದೆ 108ಕ್ಕೆ ಕರೆಮಾಡಿರಿ. ಜ್ವರ, ಗಾಯದಿಂದ ಕೀವು, ಮೀನಖಂಡದ ಬಾವು ಅಥವಾ ಪಾದವನ್ನು ಮೇಲೆತ್ತಲಾಗದಿರುವುದು ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿರಿ.

ಹಿರಿಯರ ಮಾತನ್ನು ವಯಸ್ಸಿನ ಗೊಣಗಾಟವೆಂದು ತಳ್ಳಿಹಾಕದಿರಿ. ತಾಳ್ಮೆಯಿಂದ ಕೇಳಿ, ಧೈರ್ಯ ಹೇಳಿ, ದಿನವೂ ಅವರೊಡನೆ ನಾಲ್ಕು ಹೆಜ್ಜೆ ನಡೆಯಿರಿ.