ಕಾರಿನ ಮೇಲೆ ಹಾರಿ ಕೂತ ಪೇಂಟ್: ಬಿಡಿಸುವ ಬಗೆ

ಅಪಾರ್ಟ್‌ಮೆಂಟಿನ ಹೊರಗೋಡೆಗೆ ಬಣ್ಣ ಹೊಡೆಯುತ್ತಿರುತ್ತಾರೆ, ಕೆಳಗೆ ಕಾರು ನಿಂತಿರುತ್ತದೆ. ಅಥವಾ ಪಕ್ಕದ ಮನೆಯವರು ಗೇಟಿಗೆ ಸ್ಪ್ರೇ ಪೇಂಟ್ ಮಾಡಿಸುತ್ತಿರುತ್ತಾರೆ. ಸಂಜೆ ಬಂದು ನೋಡಿದರೆ ಬಾನೆಟ್, ಟಾಪ್, ಗಾಜು ಎಲ್ಲದರ ಮೇಲೂ ಸಣ್ಣ ಸಣ್ಣ ಚುಕ್ಕಿ. ತೊಳೆದರೂ ಹೋಗುವುದಿಲ್ಲ. ಇಂಥ ಹೊತ್ತಿನಲ್ಲಿ ಹಲವರು ಮೊದಲು ಕೈ ಹಾಕುವುದು ಥಿನ್ನರ್ ಬಾಟಲಿಗೆ, ಇಲ್ಲವೇ ಪಾತ್ರೆ ಉಜ್ಜುವ ಸ್ಕ್ರಬ್ಬರಿಗೆ. ದಯವಿಟ್ಟು ಎರಡೂ ಬೇಡ. ಹೆಚ್ಚಿನ ಸಂದರ್ಭಗಳಲ್ಲಿ ಈ ಚುಕ್ಕಿಗಳನ್ನು ಮನೆಯಲ್ಲೇ, ಮೂಲ ಬಣ್ಣ ಕೆಡದಂತೆ ಬಿಡಿಸಬಹುದು. ಅದಕ್ಕೊಂದು ಕ್ರಮವಿದೆ: ಎಲ್ಲಕ್ಕಿಂತ ಸೌಮ್ಯವಾದ ದಾರಿಯಿಂದ ಶುರು ಮಾಡಬೇಕು, ಅದು ಸಾಲದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಬೇಕು.

ಕೆಳಗೇನಿದೆ, ಮೇಲೇನಿದೆ

ಸ್ಪ್ರೇ ಗನ್ ಪೇಂಟನ್ನು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಹನಿಗಳೆಲ್ಲ ಗೇಟಿಗೋ ಗೋಡೆಗೋ ತಾಗುವುದಿಲ್ಲ. ಒಂದಷ್ಟು ಗಾಳಿಯಲ್ಲಿ ತೇಲಿ, ದಾರಿಯಲ್ಲೇ ಅರ್ಧ ಒಣಗಿ, ಸಿಕ್ಕಲ್ಲಿ ಕೂರುತ್ತವೆ. ಅರ್ಧ ಒಣಗಿದ ಹನಿ ಹರಡಿಕೊಳ್ಳುವುದಿಲ್ಲ, ಮೇಲೆದ್ದ ಚುಕ್ಕಿಯಾಗಿಯೇ ನಿಲ್ಲುತ್ತದೆ. ಬಿಡಿಸುವವರಿಗೆ ಅನುಕೂಲವಾಗುವುದು ಇದೇ ಗುಣ.

ಕಾರಿನ ಲೋಹದ ಮೇಲೆ ಸಾಮಾನ್ಯವಾಗಿ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ ಕೊಡುವ ಬೇಸ್ ಕೋಟ್, ಹೊಳಪು ಕೊಡುವ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತವೆ. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ತಲೆಗೂದಲಿಗಿಂತ ತೆಳುವಾದ ಈ ಪದರವೇ ಬಿಸಿಲು, ಮಳೆಯಿಂದ ಬಣ್ಣವನ್ನು ಕಾಯುವುದು. ಒಮ್ಮೆ ಉಜ್ಜಿ ಸವೆಸಿದರೆ ಮತ್ತೆ ಪೇಂಟ್ ಮಾಡಿಸದೆ ಅದು ಬರುವುದಿಲ್ಲ.

ಯಾವ ಪೇಂಟ್ ಎಂದು ಕೇಳಿ

ಕೆಲಸ ಮಾಡಿದ ಪೇಂಟರ್ ಹತ್ತಿರವೇ ಇದ್ದರೆ ಯಾವ ಪೇಂಟ್ ಎಂದು ಕೇಳಿ, ಡಬ್ಬಿಯ ಫೋಟೊ ತೆಗೆದುಕೊಳ್ಳಿ. ಗೋಡೆಗೆ ಹೊಡೆಯುವ ಎಮಲ್ಷನ್ ನೀರಿನ ಪೇಂಟ್. ಬಿದ್ದ ಕೆಲವೇ ಗಂಟೆಗಳಲ್ಲಾದರೆ ಶಾಂಪೂ ನೀರಿಗೇ ಬಹುಪಾಲು ಬಿಡುತ್ತದೆ. ಒಣಗಿದ್ದರೂ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಮೇಲೆ ಹಾಸಿದರೆ ಮೆತ್ತಗಾಗುತ್ತದೆ. ಗೇಟು, ಗ್ರಿಲ್‌ಗೆ ಬಳಸುವ ಎನಾಮೆಲ್ ಎಣ್ಣೆ ಪೇಂಟ್. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುವುದರಿಂದ ದಿನ ಕಳೆದಷ್ಟೂ ಬಿಗಿಯುತ್ತದೆ, ತಡ ಮಾಡಬೇಡಿ. ಇನ್ನು ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಿಯು ಪೇಂಟ್ ರಾಸಾಯನಿಕವಾಗಿಯೇ ಬಿಗಿದುಕೊಳ್ಳುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಥಿನ್ನರಿಗೂ ಅದು ಕರಗುವುದಿಲ್ಲ.

ಥಿನ್ನರ್ ಬೇಡವೆನ್ನಲು ಇದೊಂದೇ ಕಾರಣವಲ್ಲ. ಕಂಪನಿಯಿಂದ ಬಂದ ಕ್ಲಿಯರ್ ಕೋಟ್ ಅದನ್ನು ಒಂದಿಷ್ಟು ತಡೆದುಕೊಂಡರೂ, ಡೆಂಟ್ ತೆಗೆಸಿ ಮರುಪೇಂಟ್ ಮಾಡಿಸಿದ ಭಾಗ ಮೆತ್ತಗಾಗಿ ಮಂಕಾಗಬಹುದು. ಹೆಡ್‌ಲೈಟಿನ ಪಾಲಿಕಾರ್ಬೊನೇಟ್‌ನಲ್ಲಿ ಸಣ್ಣ ಬಿರುಕುಗಳೇಳುತ್ತವೆ, ಬಂಪರಿನ ಕಪ್ಪು ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ.

ಕ್ಲೇ ಬಾರ್ ಹಿಡಿಯುವ ಕ್ರಮ

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ಪೂರ್ತಿ ತಣ್ಣಗಾಗಲು ಬಿಡಿ. ಧೂಳು, ಮಣ್ಣು ಒಂದಿಷ್ಟೂ ಉಳಿಯದಂತೆ ಕಾರ್ ಶಾಂಪೂವಿನಿಂದ ತೊಳೆಯಿರಿ. ಬಳಿಕ ತೆಳುವಾದ ಪ್ಲಾಸ್ಟಿಕ್ ಕವರ್ ಒಳಗೆ ಕೈ ತೂರಿಸಿ ಮೇಲ್ಮೈಯನ್ನು ಮೆಲ್ಲಗೆ ಸವರಿ. ಬರಿಗೈಗೆ ತಿಳಿಯದ ತರಿತರಿಯೂ ಈಗ ಬೆರಳಿಗೆ ಗೊತ್ತಾಗುತ್ತದೆ. ಎಲ್ಲೆಲ್ಲಿ ಪೇಂಟ್ ಕೂತಿದೆ ಎಂದು ಹೀಗೆ ಗುರುತಿಸಿಕೊಳ್ಳಿ.

ಈ ಕೆಲಸಕ್ಕೆ ಒದಗುವ ಮುಖ್ಯ ಸಾಧನ ಕ್ಲೇ ಬಾರ್. ಹೆಸರಿಗೆ ಜೇಡಿಯಾದರೂ ಇದು ಅತಿ ನುಣ್ಣನೆಯ ಉಜ್ಜುವ ಪುಡಿ ಬೆರೆಸಿದ ಮೆದು ಅಂಟಿನ ಮುದ್ದೆ. ಜಪಾನಿನ ತದಾವೊ ಕೊಡಾಟೆ ಅವರಿಗೆ 1990ರ ದಶಕದಲ್ಲಿ ಇದರ ಮೇಲೆ ಅಮೆರಿಕದ ಪೇಟೆಂಟ್ ಸಿಕ್ಕಿತು. ನೀರಿನ ಜಾರುವ ಪದರದ ಮೇಲೆ ಕ್ಲೇ ತೇಲುತ್ತದೆ. ಸಮತಟ್ಟಾದ ಕ್ಲಿಯರ್ ಕೋಟನ್ನು ಹೆಚ್ಚು ಮುಟ್ಟದೆ, ಅದರ ಮೇಲೆದ್ದ ಚುಕ್ಕಿಗಳನ್ನಷ್ಟೇ ತರಿದು ತನ್ನೊಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ನೀರು ಕಡಿಮೆಯಾದರೆ ಅದೇ ಕ್ಲೇ ಗೀರು ಮಾಡುತ್ತದೆ.

ಅಂಗಡಿಯಲ್ಲಿ ‘ಫೈನ್’ ದರ್ಜೆಯದನ್ನೇ ಕೇಳಿ. ಸಣ್ಣ ತುಂಡು ಮುರಿದು, ಕೈಯಲ್ಲಿ ನಾದಿ, ಚಪ್ಪಟೆ ಮಾಡಿ. ಶಾಂಪೂ ಬೆರೆತ ನೀರನ್ನು ಎರಡು ಅಡಿ ಚದರದಷ್ಟು ಜಾಗಕ್ಕೆ ಧಾರಾಳವಾಗಿ ಸಿಂಪಡಿಸಿ, ಕ್ಲೇಯನ್ನು ಬೆರಳ ತುದಿಗಳಿಂದ ಹಗುರವಾಗಿ, ನೇರ ಗೆರೆಯಲ್ಲಿ ಹಿಂದೆ ಮುಂದೆ ಜಾರಿಸಿ. ಸುತ್ತಿಸಿ ಉಜ್ಜಬೇಡಿ. ಮೊದಮೊದಲು ಕರಕರ ಎಂದು ತಡೆಯುತ್ತದೆ, ಆಮೇಲೆ ಸದ್ದಿಲ್ಲದೆ ಜಾರುತ್ತದೆ. ಜಾರತೊಡಗಿತೆಂದರೆ ಅಲ್ಲಿನ ಕೆಲಸ ಮುಗಿಯಿತು. ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಕವರ್ ಹಾಕಿದ ಕೈಯಿಂದ ಮತ್ತೆ ಪರೀಕ್ಷಿಸಿ. ಕ್ಲೇಯಲ್ಲಿ ಬಣ್ಣ ಕಂಡಾಗೆಲ್ಲ ಮಡಿಚಿ ಹೊಸ ಮುಖ ತೆಗೆಯಿರಿ. ಕೈ ಜಾರಿ ನೆಲಕ್ಕೆ ಬಿದ್ದ ತುಂಡನ್ನು ಮರುಮಾತಿಲ್ಲದೆ ಎಸೆಯಿರಿ. ಅದಕ್ಕೆ ಅಂಟಿದ ಒಂದು ಮರಳಿನ ಕಣ ಸಾಕು, ಬಾನೆಟ್ ಉದ್ದಕ್ಕೂ ಗೆರೆ ಬೀಳುತ್ತದೆ.

ಮ್ಯಾಟ್ ಪೇಂಟಿನ ಕಾರಿಗೆ ಮಾತ್ರ ಕ್ಲೇ ಬೇಡ. ಅದು ಅಲ್ಲಲ್ಲಿ ಹೊಳಪಾಗಿ ತೇಪೆ ಕಾಣಿಸುತ್ತದೆ.

ಗಾಜು ಮತ್ತು ಉಳಿದ ಚುಕ್ಕಿ

ಗಾಜಿನ ಹೊರಮುಖಕ್ಕೆ ಸೋಪು ನೀರು ಹಾಕಿ, ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ತಳ್ಳಿದರೆ ಪೇಂಟ್ ಸುಲಿದು ಬರುತ್ತದೆ. ಬ್ಲೇಡ್ ಗಾಜಿಗೆ ಮಾತ್ರ. ಹೆಡ್‌ಲೈಟ್ ಗಾಜಿನಂತೆ ಕಂಡರೂ ಈಗಿನ ಕಾರುಗಳಲ್ಲಿ ಅದು ಪ್ಲಾಸ್ಟಿಕ್. ಅದಕ್ಕೆ ಕ್ಲೇಯೇ ಸರಿ.

ಕ್ಲೇಗೂ ಬಿಡದ ಚುಕ್ಕಿಗಳಿಗೆ ಕಾರ್ ಅಂಗಡಿಯಲ್ಲಿ ಸಿಗುವ ಟಾರ್ ರಿಮೂವರನ್ನು ಮೊದಲು ಬಾಗಿಲಿನ ಕೆಳಭಾಗದಂಥ ಮರೆಯ ಜಾಗದಲ್ಲಿ ಹಚ್ಚಿ ನೋಡಿ. ಬಟ್ಟೆಗೆ ಕಾರಿನ ಬಣ್ಣ ಹತ್ತದಿದ್ದರೆ, ಹೊಳಪು ಕುಂದದಿದ್ದರೆ ಮಾತ್ರ ಮುಂದುವರಿಯಿರಿ, ಕೂಡಲೇ ತೊಳೆದುಬಿಡಿ. ಅದಾದ ಮೇಲೂ ಮಂಕು ಉಳಿದಿದ್ದರೆ ನುಣ್ಣನೆಯ ಪಾಲಿಶನ್ನು ಸ್ಪಂಜಿನಿಂದ ಹಚ್ಚಬಹುದು. ರಬ್ಬಿಂಗ್ ಕಾಂಪೌಂಡ್ ಕ್ಲಿಯರ್ ಕೋಟನ್ನೇ ಸವೆಸುವ ಸಾಮಗ್ರಿಯಾದ್ದರಿಂದ ಅದನ್ನು ಕೊನೆಯ ಉಪಾಯವಾಗಿಯೇ ಇಟ್ಟುಕೊಳ್ಳಿ. ಕ್ಲೇ ಹಿಡಿದಲ್ಲೆಲ್ಲ ಹಳೆಯ ವ್ಯಾಕ್ಸ್ ಕೂಡ ಹೋಗಿರುತ್ತದೆ. ಕೆಲಸ ಮುಗಿದ ದಿನವೇ ಹೊಸದಾಗಿ ವ್ಯಾಕ್ಸ್ ಹಚ್ಚಿ.

ಇಡೀ ಕಾರಿಗೆ ಪಿಯು ಪೇಂಟ್ ಹಾರಿದ್ದರೆ, ಕಾರು ಮರುಪೇಂಟ್ ಆಗಿದ್ದರೆ, ಅನುಭವಿ ಡೀಟೇಲಿಂಗ್‌ನವರಿಗೆ ಒಪ್ಪಿಸುವುದು ಒಳ್ಳೆಯದು. ಪೇಂಟಿನ ಡಬ್ಬಿಯ ಫೋಟೊ ಅವರಿಗೂ ನೆರವಾಗುತ್ತದೆ. ಗುತ್ತಿಗೆದಾರರಿಂದ ಖರ್ಚು ಕೇಳುವುದಿದ್ದರೆ ತೊಳೆಯುವ ಮೊದಲೇ ಕಾರಿನ ಫೋಟೊಗಳನ್ನೂ ತೆಗೆದಿಡಿ.

ನೀವೇ ಮಾಡುವುದಾದರೆ ಇವತ್ತು ಒಂದು ಬಾಗಿಲಷ್ಟೇ ಮಾಡಿ, ಕೈ ಪಳಗಲಿ. ಹಟ ಹಿಡಿದ ನಾಲ್ಕು ಚುಕ್ಕಿ ಉಳಿದರೆ ಉಳಿಯಲಿ. ಅವನ್ನು ನಾಳೆ ಹೊಸ ಕ್ಲೇ ತುಂಡಿನಿಂದ ಬಿಡಿಸಬಹುದು. ಆತುರದಲ್ಲಿ ಸವೆದ ಕ್ಲಿಯರ್ ಕೋಟನ್ನು ನಾಳೆ ತರಲಾಗದು.