ನರದೊಳಗಿನ ಸಾಗಾಟ ಮತ್ತು ಹುಚ್ಚುನಾಯಿಯ ಕಡಿತ

ನರಕೋಶದ ಒಡಲು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಆದರೆ ಅದರಿಂದ ಹೊರಡುವ ಆಕ್ಸಾನ್ ಎಂಬ ಎಳೆ ಬಹಳ ಉದ್ದವಾಗಿರಬಲ್ಲದು. ಬೆನ್ನುಹುರಿಯ ಕೆಳಭಾಗದಿಂದ ಹೊರಟು ಪಾದದ ಸ್ನಾಯುವನ್ನು ಮುಟ್ಟುವ ಎಳೆಯ ಉದ್ದ ಸುಮಾರು 1 ಮೀಟರ್. ಈ ಎಳೆಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ಕೋಶದ ಒಡಲಿನಲ್ಲಿಯೇ ಸಿದ್ಧವಾಗುತ್ತವೆ. ಅವು ಅಷ್ಟು ದೂರ ತಲುಪುವುದು ಹೇಗೆ?

1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಎಂಬ ವಿಜ್ಞಾನಿಗಳು ಪ್ರಾಣಿಗಳ ನರವನ್ನು ಒಂದೆಡೆ ಬಿಗಿದು ಪರೀಕ್ಷಿಸಿದರು. ಕಾಲುವೆಗೆ ಒಡ್ಡು ಹಾಕಿದಾಗ ಮೇಲ್ಗಡೆ ನೀರು ನಿಲ್ಲುವಂತೆ, ಕೋಶದ ಒಡಲಿನ ಕಡೆಯ ಭಾಗದಲ್ಲಿ ಎಳೆಗಳು ಊದಿಕೊಂಡವು. ಬಿಗಿಯನ್ನು ತೆಗೆದಾಗ ಅಲ್ಲಿ ನಿಂತಿದ್ದುದು ಮೆಲ್ಲನೆ ಮುಂದಕ್ಕೆ ಸರಿಯಿತು. ಎಳೆಯೊಳಗೆ ಸಾಗಾಟ ನಡೆಯುತ್ತಿದೆ ಎಂಬುದು ಹೀಗೆ ತಿಳಿಯಿತು.

ಎಳೆಯ ಉದ್ದಕ್ಕೂ ಸೂಕ್ಷ್ಮನಾಳಗಳೆಂಬ ಹಳಿಗಳಿವೆ. ಅವುಗಳ ಮೇಲೆ ಇಬ್ಬರು ಹಮಾಲರು ದುಡಿಯುತ್ತಾರೆ. ಕೈನೆಸಿನ್ ಎಂಬ ಪ್ರೋಟೀನು ಒಡಲಿನಿಂದ ತುದಿಯ ಕಡೆಗೆ ಸರಕನ್ನು ಹೊರುತ್ತದೆ. ಇದನ್ನು 1985ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ನರದಲ್ಲಿ ಗುರುತಿಸಲಾಯಿತು. ವೇಗದ ಸಾಗಾಟವು ದಿನಕ್ಕೆ 200ರಿಂದ 400 ಮಿಲಿಮೀಟರ್ ಕ್ರಮಿಸಿದರೆ, ಎಳೆಯ ಹಂದರಕ್ಕೆ ಬೇಕಾದ ಪ್ರೋಟೀನುಗಳು ದಿನಕ್ಕೆ ಕೆಲವೇ ಮಿಲಿಮೀಟರ್ ಸರಿಯುತ್ತವೆ. ಡೈನೀನ್ ಎಂಬ ಎರಡನೆಯ ಹಮಾಲನು ಸವೆದ ವಸ್ತುಗಳನ್ನೂ ತುದಿಯ ಸಂದೇಶಗಳನ್ನೂ ಒಡಲಿಗೆ ಮರಳಿ ತರುತ್ತಾನೆ.

ಈ ಮರಳುವ ಹಾದಿಯನ್ನೇ ರೇಬೀಸ್ ವೈರಾಣು ಬಳಸಿಕೊಳ್ಳುತ್ತದೆ. ಹುಚ್ಚುನಾಯಿಯ ಜೊಲ್ಲಿನೊಂದಿಗೆ ಗಾಯವನ್ನು ಸೇರಿದ ವೈರಾಣು ನರದ ತುದಿಯನ್ನು ಹೊಕ್ಕು, ಡೈನೀನ್ ಹೊರುವ ಸರಕಾಗಿ ಬೆನ್ನುಹುರಿಗೂ ಅಲ್ಲಿಂದ ಮೆದುಳಿಗೂ ಏರುತ್ತದೆ. ಸಾಮಾನ್ಯವಾಗಿ ಕಡಿತವಾದ 1ರಿಂದ 3 ತಿಂಗಳಲ್ಲಿ ರೋಗ ತೋರುತ್ತದೆ. ಮುಖ, ಕುತ್ತಿಗೆಯ ಕಡಿತದಲ್ಲಿ ಹಾದಿ ಚಿಕ್ಕದಾದುದರಿಂದ ಇನ್ನೂ ಬೇಗ ಬರಬಹುದು. ಈ ಅವಧಿಯಲ್ಲಿ ಜ್ವರವಿರುವುದಿಲ್ಲ, ಗಾಯವೂ ಮಾಯ್ದಿರುತ್ತದೆ. ಆದುದರಿಂದಲೇ ಜನರು ಮೈಮರೆಯುತ್ತಾರೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ನಿಶ್ಚಿತ. ಸುಶ್ರುತಸಂಹಿತೆಯ ಕಲ್ಪಸ್ಥಾನವೂ ಅಲರ್ಕವಿಷವನ್ನು ವಿವರಿಸುವಾಗ, ನೀರಿಗೆ ಅಂಜುವುದನ್ನು ಮರಣಸೂಚಕ ಲಕ್ಷಣವೆಂದೇ ಎಣಿಸಿದೆ.

ಕೆಲವರು ನಾಟಿ ಔಷಧದಿಂದಲೋ ಮಂತ್ರದಿಂದಲೋ ಗುಣವಾಯಿತೆನ್ನುವುದುಂಟು. ಕಚ್ಚಿದ ಪ್ರತಿಯೊಂದು ನಾಯಿಗೂ ರೇಬೀಸ್ ಇರುವುದಿಲ್ಲ. ಇದ್ದ ನಾಯಿ ಕಚ್ಚಿದವರೆಲ್ಲರಿಗೂ ರೋಗ ಬರುವುದಿಲ್ಲ. ಆ ಅದೃಷ್ಟದ ಕೀರ್ತಿ ಔಷಧಕ್ಕೆ ಸಲ್ಲುತ್ತದೆ. ಆಯುರ್ವೇದದ ವೈದ್ಯನಾಗಿಯೇ ಹೇಳುತ್ತೇನೆ: ಯಾವ ಲೇಪವೂ ಯಾವ ಕಷಾಯವೂ ಇಲ್ಲಿ ಲಸಿಕೆಗೆ ಬದಲಾಗಲಾರದು.

ನಾಯಿ ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ವೈರಾಣು ನರವನ್ನು ಹೊಗುವ ಮುನ್ನವೇ ಅದನ್ನು ಕಳೆಯುವುದು ಇದರ ಉದ್ದೇಶ. ಸುಣ್ಣ, ಖಾರದ ಪುಡಿ, ಅರಿಶಿನಗಳನ್ನು ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಗಾಯದಿಂದ ರಕ್ತ ಬಂದಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಹೇಳಿದ ದಿನಗಳಂದು ಎಲ್ಲ ಸೂಜಿಗಳನ್ನೂ ತಪ್ಪದೆ ಹಾಕಿಸಿಕೊಳ್ಳಬೇಕು. ಮಕ್ಕಳು ಬೈಗುಳಕ್ಕೆ ಅಂಜಿ ಕಡಿತವನ್ನು ಮುಚ್ಚಿಡುವುದುಂಟು. ಇಂತಹ ವಿಷಯವನ್ನು ಹೇಳಿದರೆ ಯಾರೂ ಗದರುವುದಿಲ್ಲ ಎಂಬ ಭರವಸೆಯನ್ನು ಮನೆಯ ಹಿರಿಯರು ಅವರಿಗೆ ಮೊದಲೇ ಕೊಟ್ಟಿರಬೇಕು.